ಎರಡನೇ ದಿನದ ಮೈನೋವು: ಗರಡಿ ಬಲ್ಲ ಸಂಗತಿಯನ್ನು ವಿಜ್ಞಾನ ಹುಡುಕಿದ ಕಥೆ

ಬೆಳಗಿನ ಐದು ಗಂಟೆಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ರಸ್ತೆಗಳಲ್ಲಿ ಹೋಗಿ ನಿಂತರೆ ಓಡುವ ಹುಡುಗರು ಕಾಣುತ್ತಾರೆ. ಪೊಲೀಸ್ ಭರ್ತಿ, ಸೈನ್ಯದ ಭರ್ತಿ ಹತ್ತಿರ ಬಂತೆಂದರೆ ಅವರ ಸಂಖ್ಯೆ ಇನ್ನೂ ಹೆಚ್ಚು. ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕಾದರೆ ಗಂಡುಮಕ್ಕಳು 1,600 ಮೀಟರ್ ದೂರವನ್ನು ಆರೂವರೆ ನಿಮಿಷದೊಳಗೆ ಓಡಬೇಕು. ವರ್ಷಗಟ್ಟಲೆ ಓದಿದವರ ಕನಸು ಆ ಆರೂವರೆ ನಿಮಿಷದಲ್ಲಿ ನಿಲ್ಲುತ್ತದೆ, ಇಲ್ಲವೇ ಮುರಿಯುತ್ತದೆ.

ಈ ಹುಡುಗರನ್ನು ಮಾತಾಡಿಸಿದರೆ ಒಂದು ಮಾತು ಬಂದೇ ಬರುತ್ತದೆ. "ಮೊದಲ ದಿವಸ ಏನೂ ಆಗಲಿಲ್ರೀ. ಎರಡನೇ ದಿವಸ ತೊಡಿ, ಮೀನಖಂಡ ಹಿಡದುಬಿಟ್ಟು."

ನಮ್ಮ ಬಳಗದಲ್ಲೂ ಈ ಅನುಭವ ಇಲ್ಲದವರಿಲ್ಲ. ಪತ್ರಿಕೋದ್ಯಮ ಓದುತ್ತಿದ್ದಾಗ ಹಾಸ್ಟೆಲಿನಲ್ಲಿ ಒಂದು ಸಂಜೆ ಹುರುಪಿಗೆ ಬಿದ್ದು ನೂರು ಬೈಠಕ್ ಹೊಡೆದೆವು. ಅವತ್ತು ರಾತ್ರಿ ಏನೂ ಅನಿಸಲಿಲ್ಲ. ಮರುದಿನ ತೊಡೆ ಬಿಗಿಯಾಯಿತು. ಮೂರನೇ ದಿನ ಬಸ್ಸಿನಿಂದ ಇಳಿಯುವಾಗ ನಮ್ಮಲ್ಲೊಬ್ಬನ ಮೊಣಕಾಲು ತಾನಾಗಿಯೇ ಮಡಚಿ, ಆತ ನೆಲಕ್ಕೆ ಅಂಗೈ ಊರಿದ. ಬಸ್ ಹತ್ತುವಾಗ ಬೀಳಲಿಲ್ಲ, ಇಳಿಯುವಾಗ ಬಿದ್ದ. ಆ ವ್ಯತ್ಯಾಸ ಆಗ ನಮಗೆ ಹೊಳೆಯಲಿಲ್ಲ, ನಕ್ಕು ಸುಮ್ಮನಾದೆವು. ಆದರೆ ಈ ನೋವಿನ ಇಡೀ ಕಥೆ ಇರುವುದೇ ಆ 'ಇಳಿಯುವುದರಲ್ಲಿ'.

ಈ ನೋವು ಯಾಕೆ ಬರುತ್ತದೆ ಎಂದು ತಿಳಿಯಲು ವಿಜ್ಞಾನಕ್ಕೆ ಎಂಬತ್ತು ವರ್ಷ ಬೇಕಾಯಿತು. ನೋವಿನ ಜೊತೆಗೆ ದೇಹದ ತೂಕ ತಪ್ಪುತ್ತದೆ, ನಿಲ್ಲುವ ನಿಲುವೇ ಬದಲಾಗುತ್ತದೆ ಎಂದು ತಿಳಿಯಲು ಇನ್ನಷ್ಟು ಕಾಲ ಹಿಡಿಯಿತು. ಆದರೆ ಆ ನೋವಿನ ಜೊತೆ ಹೇಗೆ ಬಾಳಬೇಕು ಎಂಬುದು ನಮ್ಮೂರ ಗರಡಿಗಳಿಗೆ ಗೊತ್ತಿತ್ತು. ಈಗ ವಿಜ್ಞಾನ ಉತ್ತರ ಹೇಳುವ ಹೊತ್ತಿಗೆ ಗರಡಿಯ ಬಾಗಿಲು ಮುಚ್ಚುತ್ತಿದೆ. ನಾವು ಹೇಳಬೇಕೆಂದಿರುವ ಇತಿಹಾಸ ಇದು.

ಕಲ್ಯಾಣದ ಅರಸನ ಕಾಲ

12ನೇ ಶತಮಾನದಲ್ಲಿ ನಮ್ಮ ಈ ಸೀಮೆ ಕಲ್ಯಾಣದ ಚಾಲುಕ್ಯರ ಆಳ್ವಿಕೆಯಲ್ಲಿತ್ತು. ಇದರ ದೊಡ್ಡ ಭಾಗವನ್ನು ಶಾಸನಗಳು 'ತರ್ದವಾಡಿ ಸಾಸಿರ' ಎಂಬ ನಾಡಾಗಿ ಗುರುತಿಸುತ್ತವೆ. ಆಗಿನ ಅರಸ ಮೂರನೇ ಸೋಮೇಶ್ವರ. ಅವನು 1126ರಿಂದ 1138ರವರೆಗೆ ಆಳಿದ. ಬಾಗೇವಾಡಿಯ ಬಸವಣ್ಣ ಹುಟ್ಟಿದ್ದು ಹೆಚ್ಚುಕಡಿಮೆ ಇದೇ ಕಾಲದಲ್ಲಿ.

ಸೋಮೇಶ್ವರ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಎಂಬ ದೊಡ್ಡ ಗ್ರಂಥ ಬರೆದ. ಅಡುಗೆ, ಆನೆ, ಸಂಗೀತ, ರಾಜನೀತಿ ಎಲ್ಲವೂ ಅದರಲ್ಲಿವೆ. ಅದರೊಳಗೆ 'ಮಲ್ಲವಿನೋದ' ಎಂಬ ಭಾಗವೂ ಒಂದು. ಅದು ಪೂರ್ತಿ ಕುಸ್ತಿಯ ವಿಷಯ. ಪೈಲ್ವಾನರನ್ನು ವಯಸ್ಸು, ಮೈಕಟ್ಟು, ಬಲ ನೋಡಿ ಬೇರೆ ಬೇರೆ ವರ್ಗ ಮಾಡಬೇಕು, ಅವರಿಗೆ ಬೇಳೆಕಾಳು, ಮಾಂಸ, ಹಾಲು, ಸಕ್ಕರೆ ಒದಗಿಸುವುದು ಅರಸನ ಹೊಣೆ ಎಂದು ಅಲ್ಲಿದೆ. ಸಾಧನೆಯಲ್ಲೂ ಬಗೆಗಳಿವೆ: ಭಾರ ಎತ್ತುವುದು, ನಡೆಯುವುದು, ನೀರಲ್ಲಿ ಈಜುವುದು, ಕಂಬದ ಮೇಲೆ ಮೈ ಪಳಗಿಸುವುದು.

ಎಂಟುನೂರು ಚಿಲ್ಲರೆ ವರ್ಷಗಳ ಹಿಂದೆಯೇ ಒಂದು ಮಾತು ಸ್ಪಷ್ಟವಾಗಿತ್ತು ಎಂಬುದನ್ನು ಗಮನಿಸಿ. ಎಲ್ಲರಿಗೂ ಒಂದೇ ಲೆಕ್ಕದ ಸಾಮು ಅಲ್ಲ. ಎಳೆಯನಿಗೆ ಬೇರೆ, ಪಳಗಿದವನಿಗೆ ಬೇರೆ.

ಆಯುರ್ವೇದದ ಹಳೆಯ ಗ್ರಂಥಗಳದ್ದೂ ಇದೇ ದಾರಿ. ವಾಗ್ಭಟನ 'ಅಷ್ಟಾಂಗ ಹೃದಯ' ವ್ಯಾಯಾಮವನ್ನು ಅರ್ಧ ಶಕ್ತಿಯಷ್ಟೇ ಮಾಡಬೇಕು ಎನ್ನುತ್ತದೆ. ಕೈಲಾದಷ್ಟೂ ಅಲ್ಲ, ಕೈಲಾದದ್ದರ ಅರ್ಧ. ಮಾಡಿದ ಮೇಲೆ ಮೈಯನ್ನು ಹಿತವಾಗಿ ತಿಕ್ಕಬೇಕು ಎಂದೂ ಹೇಳುತ್ತದೆ. ಗರಡಿಯಲ್ಲಿ ಎಣ್ಣೆ ಹಚ್ಚಿ ಮೈ ತಿಕ್ಕುವುದನ್ನು ನೋಡಿದವರಿಗೆ ಇದು ಹೊಸ ಮಾತೇನಲ್ಲ.

ಗರಡಿಯ ಲೆಕ್ಕ

ನಮ್ಮ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಕುಸ್ತಿಯ ದಾರಿಯೂ ಪಡುವಣಕ್ಕೆ, ಕೊಲ್ಹಾಪುರದ ಕಡೆಗೇ ಇತ್ತು. 1894ರಿಂದ 1922ರವರೆಗೆ ಕೊಲ್ಹಾಪುರವನ್ನು ಆಳಿದ ಶಾಹು ಮಹಾರಾಜರು ಕುಸ್ತಿಗೆ ದೊಡ್ಡ ಆಸರೆಯಾದರು. 1912ರಲ್ಲಿ ಅಲ್ಲಿ ಖಾಸಬಾಗ್ ಮೈದಾನ ಕಟ್ಟಿಸಿದರು. ವಿಜಯಪುರ, ಬೆಳಗಾವಿ, ಬಾಗಲಕೋಟೆ ಸೀಮೆಯ ಪೈಲ್ವಾನರು ತಾಲೀಮಿಗೆಂದು ಅಲ್ಲಿಗೆ ಹೋಗುತ್ತಿದ್ದರು. ಊರಿಗೆ ಮರಳಿ ಬಂದವರು ವಸ್ತಾದರಾದರು. ಜಾತ್ರೆ ಬಂದರೆ ಜಂಗಿ ನಿಕಾಲಿ ಕುಸ್ತಿ, ಕಲ್ಲು ಎತ್ತುವುದು, ಉಸುಕಿನ ಚೀಲ ಎತ್ತುವುದು. ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಸಂಕ್ರಾಂತಿಯ ಹೊತ್ತಿಗೆ ಇವು ಈಗಲೂ ನಡೆಯುತ್ತವೆ.

ಗರಡಿಗೆ ಹೊಸದಾಗಿ ಬಂದ ಹುಡುಗನಿಗೆ ಮೊದಲ ದಿನವೇ ಯಾರೂ ಕುಸ್ತಿ ಹಿಡಿಸುತ್ತಿರಲಿಲ್ಲ. ಮೊದಲು ಸಲಿಕೆ ಹಿಡಿದು ಕಣದ ಮಣ್ಣು ಅಗೆಯಬೇಕು, ಹಸನು ಮಾಡಬೇಕು. ಆಮೇಲೆ ನಾಲ್ಕು ದಂಡ, ಹತ್ತು ಬೈಠಕ್. ಅದೂ ವಸ್ತಾದ ಎಣಿಸಿದಷ್ಟೇ. ದಿನ ಕಳೆದಂತೆ ಎಣಿಕೆ ಏರುತ್ತಿತ್ತು. ಮೈ ಹಿಡಿದಿದೆ ಎಂದು ಹುಡುಗ ಮನೆಯಲ್ಲಿ ಕೂತರೆ ವಸ್ತಾದ ಹೇಳುತ್ತಿದ್ದ ಮಾತು ಎಲ್ಲ ಗರಡಿಗಳಲ್ಲೂ ಒಂದೇ: "ಮನ್ಯಾಗ ಕೂಡಬ್ಯಾಡ, ಬಂದು ಹಗೂರಕ ಮಾಡು." ಪೂರ್ತಿ ಬಿಡಬಾರದು, ಜೋರು ಮಾಡಲೂಬಾರದು. ಹಗುರವಾಗಿ ಮಾಡಬೇಕು.

ಹೀಗೆ ಯಾಕೆ ಎಂದು ಕೇಳಿದರೆ ವಸ್ತಾದರ ಬಳಿ ಸಿಗುತ್ತಿದ್ದದ್ದು ಒಂದೇ ಉತ್ತರ. "ಮೈ ಪಳಗಬೇಕು." ಪಳಗುವುದು ಎಂದರೆ ಒಳಗೆ ಏನಾಗುವುದು? ಅದನ್ನು ಹುಡುಕಿದವರು ಬೇರೆ ಕಡೆ ಇದ್ದರು.

ತಪ್ಪು ಹೊತ್ತ ಆಮ್ಲ

1902ರಲ್ಲಿ ಅಮೆರಿಕದ ಥಿಯೋಡರ್ ಹಫ್ ಎಂಬ ಶರೀರಶಾಸ್ತ್ರಜ್ಞ ಒಂದು ಸಣ್ಣ ಯಂತ್ರ ಇಟ್ಟುಕೊಂಡು ಬೆರಳಿನ ಸ್ನಾಯುಗಳನ್ನು ಪರೀಕ್ಷಿಸಿದ. ಬೆರಳಿನಿಂದ ಭಾರ ಎಳೆಯುವುದು, ಬಿಡುವುದು, ಮತ್ತೆ ಎಳೆಯುವುದು. ನೋವು ಎರಡು ಬಗೆಯದು ಎಂದು ಅವನು ಗುರುತಿಸಿದ. ಒಂದು, ಕೆಲಸ ಮಾಡುತ್ತಿರುವಾಗಲೇ ಬಂದು ಸ್ವಲ್ಪ ಹೊತ್ತಿನಲ್ಲಿ ಹೋಗುವ ದಣಿವಿನ ನೋವು. ಇನ್ನೊಂದು, ಗಂಟೆಗಳು ಕಳೆದ ಮೇಲೆ ಶುರುವಾಗಿ ದಿನಗಟ್ಟಲೆ ಉಳಿಯುವ ನೋವು. ಈ ಎರಡನೆಯದು ಸ್ನಾಯುವಿನ ಒಳಗೇ ಸಣ್ಣ ಹರಿತ ಆಗುವುದರಿಂದ ಬರುತ್ತಿರಬೇಕು ಎಂದು ಅವನು ಊಹಿಸಿದ.

ಊಹೆ ಸರಿಯಾದ ದಿಕ್ಕಿನಲ್ಲಿತ್ತು. ಆದರೆ ಜಗತ್ತು ಬೇರೆ ದಾರಿ ಹಿಡಿಯಿತು. 1907ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಫ್ಲೆಚರ್ ಮತ್ತು ಹಾಪ್ಕಿನ್ಸ್ ಎಂಬುವರು ಕಪ್ಪೆಯ ಸ್ನಾಯು ದಣಿದಾಗ ಲ್ಯಾಕ್ಟಿಕ್ ಆಮ್ಲ ಸೇರುತ್ತದೆ ಎಂದು ತೋರಿಸಿದರು. ಸ್ನಾಯುವಿನ ಕೆಲಸದ ಮೇಲೆ ನಡೆಸಿದ ಸಂಶೋಧನೆಗೆ ಆರ್ಚಿಬಾಲ್ಡ್ ಹಿಲ್ ಮತ್ತು ಒಟ್ಟೊ ಮೇಯರ್‌ಹಾಫ್ ಅವರಿಗೆ 1922ನೇ ಸಾಲಿನ ನೊಬೆಲ್ ಬಹುಮಾನ ಬಂತು. ಅಲ್ಲಿಂದ ಮುಂದೆ ಮೈನೋವಿನ ತಪ್ಪನ್ನೆಲ್ಲ ಜನ ಈ ಆಮ್ಲದ ತಲೆಗೆ ಕಟ್ಟಿದರು. ಇವತ್ತಿಗೂ ಜಿಮ್ಮಿಗೆ ಹೋದರೆ "ಲ್ಯಾಕ್ಟಿಕ್ ಆ್ಯಸಿಡ್ ಆಗೇತಿ, ಓಡಿ ಕರಗಿಸು" ಎನ್ನುವವರಿದ್ದಾರೆ.

ಈ ಮಾತು ನಿಲ್ಲುವುದಿಲ್ಲ. ಆ ಆಮ್ಲ ಕೆಲಸ ನಿಲ್ಲಿಸಿದ ಒಂದೆರಡು ಗಂಟೆಯೊಳಗೆ ರಕ್ತದಿಂದ ಇಳಿದುಹೋಗುತ್ತದೆ. ನೋವು ಬರುವುದೋ ಎರಡನೇ ದಿನ. ಮೊನ್ನೆಯೇ ಊರು ಬಿಟ್ಟುಹೋದವನ ಮೇಲೆ ಇವತ್ತಿನ ಕಳವಿನ ಗುಮಾನಿ ಹಾಕಿದಂತೆ ಆಯಿತು.

1983ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಪ್ರಯೋಗ ಇದನ್ನು ಬಗೆಹರಿಸಿತು. ಸಮತಟ್ಟಾದ ಪಟ್ಟಿಯ ಮೇಲೆ ಓಡಿದವರ ರಕ್ತದಲ್ಲಿ ಆಮ್ಲ ಏರಿತು, ಆದರೆ ಹೇಳಿಕೊಳ್ಳುವಂಥ ನೋವು ಬರಲಿಲ್ಲ. ಇಳಿಜಾರಿನಲ್ಲಿ ಓಡಿದವರಲ್ಲಿ ಆಮ್ಲ ಏರಲಿಲ್ಲ, ಮರುದಿನ ನೋವು ಮಾತ್ರ ಜೋರಾಗಿ ಬಂತು. ಆಮ್ಲಕ್ಕೂ ಈ ನೋವಿಗೂ ಸಂಬಂಧವಿಲ್ಲ. ಸಂಬಂಧ ಇರುವುದು ಇಳಿಯುವುದಕ್ಕೆ.

ಎರಡು ಸೈಕಲ್, ಒಂದು ಚೈನು

ಇಳಿಯುವಾಗ ಸ್ನಾಯು ಏನು ಮಾಡುತ್ತದೆ ಎಂಬುದನ್ನು ತಿಳಿಸಿದ್ದು ಒಂದು ಚಂದದ ಪ್ರಯೋಗ. ಸೈಕ್ಲಿಂಗ್‌ಗೆ ಹೆಸರಾದ ಜಿಲ್ಲೆಯವರಾದ ನಮಗೆ ಇದು ಇಷ್ಟವಾಗುವಂಥದ್ದು.

1952ರಲ್ಲಿ ಲಂಡನ್ನಿನಲ್ಲಿ ಅಬಟ್, ಬಿಗ್‌ಲ್ಯಾಂಡ್ ಮತ್ತು ರಿಚೀ ಎಂಬ ಮೂವರು ಎರಡು ಸೈಕಲ್‌ಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲಿಸಿ ಒಂದೇ ಚೈನಿನಿಂದ ಜೋಡಿಸಿದರು. ಒಬ್ಬರು ಮುಂದಕ್ಕೆ ಪೆಡಲ್ ತುಳಿಯುತ್ತಾರೆ. ಆಗ ಇನ್ನೊಬ್ಬರ ಪೆಡಲ್ ಹಿಂದಕ್ಕೆ ತಿರುಗುತ್ತದೆ, ಅವರು ಅದನ್ನು ಕಾಲಿನಿಂದ ತಡೆಯುತ್ತಾರೆ. ತುಳಿಯುವವನು ದೊಡ್ಡ ಆಳು, ತಡೆಯುವವಳು ಸಣ್ಣ ಮೈಕಟ್ಟಿನ ಹೆಣ್ಣುಮಗಳು. ನೋಡಿದವರಿಗೆ ಅಚ್ಚರಿ. ಆಕೆ ಸಲೀಸಾಗಿ ತಡೆದಳು, ಆತ ಏದುಸಿರು ಬಿಟ್ಟ. ತಡೆಯುವ ಕೆಲಸಕ್ಕೆ ತುಳಿಯುವ ಕೆಲಸಕ್ಕಿಂತ ತೀರ ಕಡಿಮೆ ಆಮ್ಲಜನಕ ಸಾಕು ಎಂದು ಲೆಕ್ಕ ಸಿಕ್ಕಿತು.

ಬಾವಿಯಿಂದ ತುಂಬಿದ ಕೊಡ ಸೇದುವಾಗ ಹಗ್ಗ ನಮ್ಮ ಕಡೆಗೆ ಬರುತ್ತದೆ. ಅದೇ ಭಾರವನ್ನು ಕೆಳಗೆ ಇಳಿಬಿಡಬೇಕಾದರೆ ಹಗ್ಗವನ್ನು ಹಿಡಿದು ಹಿಡಿದು ಬಿಡುತ್ತೇವೆ. ಕೈ ಎಳೆಯುತ್ತಲೇ ಇರುತ್ತದೆ, ಹಗ್ಗ ಮಾತ್ರ ದೂರ ಹೋಗುತ್ತಿರುತ್ತದೆ. ಸ್ನಾಯುವಿನದ್ದೂ ಹೀಗೆಯೇ. ಮೆಟ್ಟಿಲು ಹತ್ತುವಾಗ ತೊಡೆಯ ಸ್ನಾಯು ಕುಗ್ಗುತ್ತ ಎಳೆಯುತ್ತದೆ. ಇಳಿಯುವಾಗ ಎಳೆಯುತ್ತಲೇ ಹಿಗ್ಗುತ್ತದೆ. ಬೈಠಕ್‌ನಲ್ಲಿ ಕೆಳಗೆ ಕೂಡುವಾಗ, ದಂಡ ಹೊಡೆಯುವಾಗ ಎದೆ ನೆಲಕ್ಕೆ ತರುವಾಗ, ಚೀಲವನ್ನು ಬೆನ್ನಿನಿಂದ ಮೆಲ್ಲಗೆ ಇಳಿಸುವಾಗ ಆಗುವುದು ಇದೇ. ಉಸಿರಿಗೆ ಹಗುರ, ಸ್ನಾಯುವಿಗೆ ಭಾರ. ಅದಕ್ಕೇ ಆಗ ದಣಿವು ಗೊತ್ತಾಗುವುದಿಲ್ಲ.

1981ರಲ್ಲಿ ಸ್ವೀಡನ್ನಿನ ಸಂಶೋಧಕರು ಜನರನ್ನು ಮೆಟ್ಟಿಲುಗಳಲ್ಲಿ ಮತ್ತೆ ಮತ್ತೆ ಓಡಿಸಿ ಇಳಿಸಿ, ಅವರ ಮೀನಖಂಡದ ಸ್ನಾಯುವಿನ ಸಣ್ಣ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕೌದಿಯ ಹೊಲಿಗೆಯ ಗೆರೆಗಳಂತೆ ಸ್ನಾಯುವಿನಲ್ಲಿ ಸಾಲಾಗಿ ಗೆರೆಗಳಿರುತ್ತವೆ. ನೋವು ಬಂದವರಲ್ಲಿ ಆ ಗೆರೆಗಳು ಅಲ್ಲಲ್ಲಿ ಚದುರಿದ್ದವು, ಹೊಲಿಗೆ ಬಿಚ್ಚಿದ ಹಾಗೆ. ಹಫ್ ಊಹಿಸಿದ ಎಂಬತ್ತು ವರ್ಷದ ನಂತರ ಕಣ್ಣಿಗೆ ಕಂಡ ಪುರಾವೆ ಅದು.

1983ರಲ್ಲಿ ಲಂಡನ್ನಿನಲ್ಲಿ ಇನ್ನೊಂದು ಸರಳ ಪರೀಕ್ಷೆ ನಡೆಯಿತು. ಒಂದು ಪೀಠದ ಮೇಲೆ ಯಾವಾಗಲೂ ಒಂದೇ ಕಾಲಿಂದ ಹತ್ತುವುದು, ಇನ್ನೊಂದೇ ಕಾಲಿನ ಬಲದಲ್ಲಿ ಇಳಿಯುವುದು. ಎರಡು ದಿನ ಬಿಟ್ಟು ನೋಡಿದರೆ ಒಬ್ಬನದೇ ಎರಡು ತೊಡೆಗಳಲ್ಲಿ ಹತ್ತಿಸಿದ ತೊಡೆ ಆರಾಮಾಗಿತ್ತು, ಇಳಿಸಿದ ತೊಡೆ ನೋಯುತ್ತಿತ್ತು.

ಬಿಚ್ಚಿದ ಹೊಲಿಗೆಯೇ ನೇರವಾಗಿ ನೋಯುತ್ತದೆ ಎಂದಲ್ಲ. ದೇಹ ಅದನ್ನು ರಿಪೇರಿ ಮಾಡಲು ಶುರುಮಾಡಿದಾಗ ಅಲ್ಲಿ ಸಣ್ಣ ಊತ ಬರುತ್ತದೆ, ಕೆಲವು ರಾಸಾಯನಿಕಗಳು ಹುಟ್ಟಿ ನೋವಿನ ನರಗಳನ್ನು ಚುರುಕು ಮಾಡುತ್ತವೆ. ಈ ಬಗ್ಗೆ ಜಪಾನಿನ ನಗೋಯಾದಲ್ಲಿ ಬಹಳ ಕೆಲಸ ನಡೆದಿದೆ. ಅದಕ್ಕೆ ಹೊತ್ತು ಹಿಡಿಯುತ್ತದೆ. ಆದ್ದರಿಂದಲೇ ನೋವು ಎರಡನೇ, ಮೂರನೇ ದಿನ ಏರಿ, ವಾರದೊಳಗೆ ಇಳಿಯುತ್ತದೆ.

ಕಣ್ಣು ಮುಚ್ಚಿ ನಿಂತು ನೋಡಿ

ಇಷ್ಟು ನೋವಿನ ಮಾತಾಯಿತು. ನಮ್ಮ ಗೆಳೆಯ ಬಸ್ಸಿನಿಂದ ಬಿದ್ದದ್ದು ಬರೀ ನೋವಿಗೆ ಅಲ್ಲ. ಅದು ತಿಳಿಯಲು ಇನ್ನೊಂದು ಎಳೆ ಹಿಡಿಯಬೇಕು.

ಕಣ್ಣು ಮುಚ್ಚಿಕೊಂಡು ತುತ್ತು ಬಾಯಿಗೆ ಇಡಲು ನಮಗೆ ಬರುತ್ತದೆ. ಕತ್ತಲಲ್ಲೂ ನಮ್ಮ ಕಾಲು ಎಲ್ಲಿದೆ ಎಂದು ನಮಗೆ ಗೊತ್ತಿರುತ್ತದೆ. ಸ್ನಾಯುಗಳೊಳಗೆ ಇರುವ ಅತಿ ಸಣ್ಣ ಅಂಗಗಳು 'ಇಷ್ಟು ಹಿಗ್ಗಿದ್ದೇನೆ, ಇಷ್ಟು ಕುಗ್ಗಿದ್ದೇನೆ' ಎಂದು ಮೆದುಳಿಗೆ ಎಡೆಬಿಡದೆ ಸುದ್ದಿ ಕಳಿಸುತ್ತಿರುತ್ತವೆ. ನಮ್ಮ ದೇಹದ ಬಗ್ಗೆ ನಮಗಿರುವ ಈ ಒಳ ಅರಿವಿಗೆ 1906ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್ ಒಂದು ಹೆಸರು ಕೊಟ್ಟ. ಆದರೆ ಅದರ ಮಹತ್ವ ಇನ್ನೂ ಮೊದಲೇ ಕಂಡಿತ್ತು. 1840ರ ದಶಕದಲ್ಲಿ ಬರ್ಲಿನ್ನಿನ ವೈದ್ಯ ಮೋರಿಟ್ಸ್ ರಾಂಬರ್ಗ್ ಕೆಲವು ರೋಗಿಗಳನ್ನು ಗಮನಿಸಿದ. ಕಣ್ಣು ತೆರೆದಾಗ ಅವರು ನೆಟ್ಟಗೆ ನಿಲ್ಲುತ್ತಿದ್ದರು. ಕಣ್ಣು ಮುಚ್ಚಿದ ಕೂಡಲೇ ತೂಗಾಡಿ ಬೀಳುತ್ತಿದ್ದರು. ಒಳ ಅರಿವು ಹಾಳಾದವರನ್ನು ಅಲ್ಲಿಯವರೆಗೆ ಕಣ್ಣು ಕಾಪಾಡುತ್ತಿತ್ತು. ಆ ಪರೀಕ್ಷೆಯನ್ನು ವೈದ್ಯರು ಇಂದಿಗೂ ಮಾಡುತ್ತಾರೆ.

ನಾವು ಸುಮ್ಮನೆ ನಿಂತಾಗಲೂ ಪೂರ್ತಿ ಸ್ಥಿರವಾಗಿರುವುದಿಲ್ಲ. ಗಾಳಿಗೆ ಜೋಳದ ದಂಟಿನ ಹಾಗೆ ಹಿಂದೆ ಮುಂದೆ ಸಣ್ಣಗೆ ತೂಗುತ್ತಿರುತ್ತೇವೆ. ಮೀನಖಂಡ, ತೊಡೆ, ಬೆನ್ನಿನ ಸ್ನಾಯುಗಳು ಆ ತೂಗಾಟವನ್ನು ಕ್ಷಣಕ್ಷಣವೂ ಸರಿಪಡಿಸುತ್ತವೆ. ಅದೇ ಸ್ನಾಯುಗಳು ಹಿಡಿದುಕೊಂಡರೆ?

1990ರ ದಶಕದಿಂದ ಈ ಪ್ರಶ್ನೆಯನ್ನು ಹಲವರು ಪರೀಕ್ಷೆಗೆ ಹಚ್ಚಿದರು. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಉವೆ ಪ್ರೊಸ್ಕೆ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರ ಕೆಲಸ ಇದರಲ್ಲಿ ಮುಖ್ಯವಾದದ್ದು. ಒಂದು ತೋಳಿನಿಂದ ಭಾರ ಇಳಿಸುವ ವ್ಯಾಯಾಮ ಮಾಡಿಸಿ, ಕಣ್ಣು ಕಟ್ಟಿ, 'ಈ ಕೈ ಎಷ್ಟು ಮಡಚಿದೆಯೋ ಆ ಕೈಯನ್ನೂ ಅಷ್ಟೇ ಮಡಚು' ಎಂದರೆ ಜನ ತಪ್ಪುತ್ತಿದ್ದರು. ಭಾರದ ಅಂದಾಜೂ ತಪ್ಪುತ್ತಿತ್ತು. ದಣಿದ ಕೈಗೆ ಅದೇ ತೂಕ ಹೆಚ್ಚು ಅನಿಸುತ್ತಿತ್ತು.

ಕಾಲಿನ ಮೇಲೆ ನಡೆದ ಪ್ರಯೋಗಗಳು ನಿಲುವಿನ ಬಗ್ಗೆ ಇಂಥದ್ದನ್ನೇ ಹೇಳಿದವು. ಮೀನಖಂಡ ಅಥವಾ ತೊಡೆಗೆ ಇಳಿಯುವ ಬಗೆಯ ವ್ಯಾಯಾಮ ಮಾಡಿಸಿ ನಿಲ್ಲಿಸಿದರೆ ದೇಹದ ತೂಗಾಟ ಹೆಚ್ಚುತ್ತದೆ. ಒಂಟಿ ಕಾಲಲ್ಲಿ ನಿಲ್ಲಿಸಿದಾಗ, ಕಣ್ಣು ಮುಚ್ಚಿಸಿದಾಗ ಅದು ಎದ್ದು ಕಾಣುತ್ತದೆ. ಎಲ್ಲ ಪ್ರಯೋಗಗಳಲ್ಲೂ ಪ್ರಮಾಣ ಒಂದೇ ಇಲ್ಲ. ಕಣ್ಣು ತೆರೆದು, ಎರಡೂ ಕಾಲೂರಿ ನಿಂತರೆ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಕಣ್ಣು ಆ ಕೊರತೆ ತುಂಬುತ್ತದೆ.

ನಾವು ಮುಖ್ಯವಾಗಿ ಹೇಳಬೇಕಾದ ಸಂಗತಿ ಇಲ್ಲಿದೆ. ಸ್ನಾಯುವಿನ ಬಲ ಮತ್ತು ಒಳ ಅರಿವು ಕುಂದುವುದು ನೋವು ಬಂದ ಮೇಲೆ ಅಲ್ಲ, ಕೆಲಸ ಮುಗಿದ ಕೂಡಲೇ. ನೋವು ತಡವಾಗಿ ಬರುವ ಅತಿಥಿ. 'ಇನ್ನೂ ನೋವಿಲ್ಲ, ಆರಾಮ ಅದೀನಿ' ಎಂದುಕೊಳ್ಳುವ ಹೊತ್ತಿನಲ್ಲೇ ಕಾಲು ನಂಬಿಕೆಗೆ ಯೋಗ್ಯವಾಗಿರುವುದಿಲ್ಲ. ನೋವು ಬಂದ ಮೇಲೆ ಇನ್ನೊಂದು ಸೇರಿಕೊಳ್ಳುತ್ತದೆ. ನೋಯಬಾರದೆಂದು ನಾವು ನಡಿಗೆಯನ್ನೇ ಬದಲಿಸುತ್ತೇವೆ. ಮೊಣಕಾಲು ಮಡಚದೆ ಸೆಟೆದು ನಡೆಯುತ್ತೇವೆ, ಹಿಮ್ಮಡಿ ಊರುವುದಿಲ್ಲ, ಸೊಂಟ ಒಂದು ಕಡೆ ವಾಲಿಸುತ್ತೇವೆ. ಎಡವಿದಾಗ ಸಾವರಿಸಿಕೊಳ್ಳಲು ಬೇಕಾದ ಚುರುಕು ಆಗ ಇರುವುದಿಲ್ಲ.

ಬಯಲು ಸೀಮೆಯ ಕಾಲು

ಈಗ ನಮ್ಮ ನಾಲ್ಕು ತಾಲ್ಲೂಕುಗಳಿಗೆ ಬರೋಣ. ಭೀಮೆಯ ದಂಡೆಯ ಇಂಡಿ, ಸಿಂದಗಿ; ಡೋಣಿ ಹರಿಯುವ, ಕೃಷ್ಣೆ ಕಡೆಗಿರುವ ಬಾಗೇವಾಡಿ, ಮುದ್ದೇಬಿಹಾಳ. ಹೆಚ್ಚಿನದೆಲ್ಲ ಎರೆಭೂಮಿ, ಬಯಲು. ನಮ್ಮ ಕಾಲಿಗೆ ದೂರ ನಡೆಯುವುದು ಗೊತ್ತು. ಕಡಿದಾಗಿ ಇಳಿಯುವುದು ಅಷ್ಟಾಗಿ ಗೊತ್ತಿಲ್ಲ.

ಹಿಂದೆ ಒಂದು ಕಡೆ ಮಾತ್ರ ದಿನಾ ಇಳಿಯಬೇಕಿತ್ತು. ಅದು ಮೆಟ್ಟಿಲು ಬಾವಿ. ನಮ್ಮ ಅಜ್ಜಿಯಂದಿರು ಕೊಡ ಹೊತ್ತು ಮೆಟ್ಟಿಲು ಇಳಿದು ಹತ್ತಿದವರು. ಅದೇ ಬಾವಿಗಳಿಂದ ನಾರುಹುಣ್ಣು ಹರಡುತ್ತಿತ್ತು, ಉತ್ತರ ಕರ್ನಾಟಕದ ಹಳ್ಳಿಗಳು ಅದರಿಂದ ಬಹಳ ನೊಂದವು. ಕೊಳವೆ ಬಾವಿ, ನಲ್ಲಿ ಬಂದವು. ದೇಶದ ಕೊನೆಯ ನಾರುಹುಣ್ಣು ಪ್ರಕರಣ ಕಂಡದ್ದು 1996ರಲ್ಲಿ, 2000ರಲ್ಲಿ ಭಾರತ ಅದರಿಂದ ಮುಕ್ತ ಎಂದು ಘೋಷಣೆಯಾಯಿತು. ಮೆಟ್ಟಿಲು ಬಾವಿ ಹೋದದ್ದು ಒಳ್ಳೆಯದೇ ಆಯಿತು. ಅದರ ಜೊತೆ ದಿನದ ಇಳಿತವೂ ಹೋಯಿತು.

ಶ್ರೀಶೈಲದ ಪಾದಯಾತ್ರೆಗೆ ಹೋದವರಿಗೆ ಇದು ಚೆನ್ನಾಗಿ ಗೊತ್ತು. ಯುಗಾದಿಗೆ ಮುಂಚೆ ನಮ್ಮ ಭಾಗದಿಂದ ಸಾವಿರಾರು ಜನ ಮಲ್ಲಯ್ಯನ ಹೆಸರಲ್ಲಿ ನಡೆಯುತ್ತಾರೆ. ಕೆಲವರು ಮರಗಾಲು ಕಟ್ಟಿಕೊಂಡೂ ನಡೆಯುತ್ತಾರೆ. ಬಯಲಿನಲ್ಲಿ ದಿನಗಟ್ಟಲೆ ನಡೆದರೂ ಆಗದ ಕಾಲುನೋವು, ಆತ್ಮಕೂರು ದಾಟಿ ನಲ್ಲಮಲ ಕಾಡು ಹೊಕ್ಕು ಭೀಮನಕೊಳ್ಳದ ಇಳುಕಲಿನಲ್ಲಿ ಇಳಿದ ಮೇಲೆ ಆಗುತ್ತದೆ. ಏರು ಉಸಿರನ್ನು ಪರೀಕ್ಷೆ ಮಾಡಿದರೆ, ಇಳುಕಲು ತೊಡೆಯನ್ನು ಪರೀಕ್ಷೆ ಮಾಡುತ್ತದೆ. ಅಲ್ಲಿ ಕಲ್ಲಿನ ಮೇಲೆ ಕಾಲು ನಡುಗುವುದು ಭಕ್ತಿಯ ಕೊರತೆಯಿಂದಲ್ಲ, ವಯಸ್ಸಿನಿಂದ ಮಾತ್ರವೂ ಅಲ್ಲ. ಕೋಲು ಹಿಡಿದು ನಡೆಯುವ ಹಿರಿಯರು ಶಾಣ್ಯಾರು. ಕೋಲು ಎಂದರೆ ಇನ್ನೊಂದು ಕಾಲು, ನೆಲದ ಸುದ್ದಿ ತರುವ ಇನ್ನೊಂದು ಕೈ.

ಹೊಲದ ಮಾತೂ ಇದೆ. ಹಗಲೆಲ್ಲ ಕಬ್ಬು ಕಡಿದವರು, ಚೀಲ ಹೊತ್ತು ಇಳಿಸಿದವರು, ರಾತ್ರಿ ತ್ರೀಫೇಸ್ ಕರೆಂಟ್ ಬಂತೆಂದು ಪಂಪು ಚಾಲೂ ಮಾಡಲು ಬದುವಿನ ಮೇಲೆ ನಡೆದು ಹೋಗುತ್ತಾರೆ. ಕತ್ತಲಲ್ಲಿ ಕಣ್ಣಿನ ಆಸರೆ ಇಲ್ಲ. ಹಿಡಿದ ಕಾಲಿನ ಒಳ ಅರಿವು ಮಂದ. ಕೆಳಗೆ ಹಸಿ ಎರೆಮಣ್ಣು. ರಾಂಬರ್ಗನ ಪರೀಕ್ಷೆಯನ್ನು ನಮ್ಮ ರೈತರು ರಾತ್ರಿ ಹೊತ್ತು ಬಾವಿಯ ದಂಡೆಯಲ್ಲೇ ಮಾಡುತ್ತಿದ್ದಾರೆ. ಒಂದು ಒಳ್ಳೆಯ ಬ್ಯಾಟರಿ, ಒಂದು ಕೋಲು ಇಲ್ಲಿ ಔಷಧಕ್ಕಿಂತ ಹೆಚ್ಚು.

ಗರಡಿ ಹೋಯಿತು, ಅವಸರ ಬಂತು

ಮತ್ತೆ ಆ ಓಡುವ ಹುಡುಗರ ಬಳಿ ಬರೋಣ. ಅರ್ಜಿ ಕರೆದದ್ದು ಗೊತ್ತಾದ ಮೇಲೆ ಓಟ ಶುರುವಾಗುತ್ತದೆ. ಕೈಯಲ್ಲಿ ಮೊಬೈಲ್ ಇದೆ, ವಿಡಿಯೋ ಇದೆ, ಎಣಿಸುವ ವಸ್ತಾದ ಇಲ್ಲ. ಪರೀಕ್ಷೆ ಹದಿನೈದು ದಿನ ಇದೆ ಎನ್ನುವಾಗ ಮೊದಲ ದಿನವೇ ಇನ್ನೂರು ಬೈಠಕ್, ಉದ್ದಜಿಗಿತ. ಎರಡನೇ ದಿನ ನೋವು. "ನೋವಿನಾಗ ಓಡಿದರ ನೋವು ಹೋಗತೈತಿ" ಎಂದು ಯಾರೋ ಹೇಳಿರುತ್ತಾರೆ. ಹಿಡಿದ ತೊಡೆ, ಮಂದವಾದ ಒಳ ಅರಿವು, ತಗ್ಗು ಬಿದ್ದ ರಸ್ತೆ, ಮಬ್ಬುಗತ್ತಲು. ಕಾಲು ಉಳುಕಿದರೆ, ಮೊಣಕಾಲು ತಿರುಗಿದರೆ ವರ್ಷದ ಶ್ರಮ ಅಲ್ಲಿಗೇ ನಿಂತಿತು. ಬಡವರ ಮನೆಯ ಹುಡುಗನಿಗೆ ಮುಂದಿನ ಭರ್ತಿಯ ತನಕ ವಯಸ್ಸು ಕಾಯುವುದಿಲ್ಲ.

ಗರಡಿಯ 'ಪಳಗುವುದು' ಎಂಬ ಮಾತಿಗೂ ವಿಜ್ಞಾನ ಈಗ ಅರ್ಥ ಕೊಟ್ಟಿದೆ. ಒಂದು ಸಲ ಹಗುರವಾಗಿ ಇಳಿಯುವ ಬಗೆಯ ಕೆಲಸ ಮಾಡಿದ ಸ್ನಾಯು, ಅದೇ ಕೆಲಸವನ್ನು ಕೆಲವು ವಾರಗಳೊಳಗೆ ಮತ್ತೆ ಮಾಡಿದರೆ ಬಹಳ ಕಡಿಮೆ ಹಾನಿಯಾಗುತ್ತದೆ. ಒಂದೇ ಸಲ ಮಾಡಿದರೂ ರಕ್ಷಣೆ ಸಿಗುತ್ತದೆ. ಮೊದಲ ದಿನ ಹತ್ತೇ ಬೈಠಕ್ ಎಣಿಸುತ್ತಿದ್ದ ವಸ್ತಾದ ಕೊಡುತ್ತಿದ್ದದ್ದು ಅದನ್ನೇ, ಒಂದು ಬಗೆಯ ಲಸಿಕೆಯನ್ನು.

ಹಾಗಾದರೆ ಏನು ಮಾಡಬೇಕು? ತಯಾರಿ ಭರ್ತಿಯ ಸುದ್ದಿ ಬರುವ ಮೊದಲೇ ಶುರುವಾಗಲಿ, ಎಣಿಕೆ ಚಿಕ್ಕದಿರಲಿ, ವಾರ ವಾರ ಏರಲಿ. ಪರೀಕ್ಷೆಗೆ ಮುಂಚಿನ ನಾಲ್ಕೈದು ದಿನ ಹೊಸದೇನನ್ನೂ ಮೈಗೆ ಕಲಿಸಬೇಡಿ. ಮೈ ಹಿಡಿದ ದಿನ ಹಗುರವಾಗಿ ನಡೆಯಿರಿ. ಜಿಗಿತ, ಇಳಿಜಾರಿನ ಓಟ, ಭಾರ ಬೇಡ. ಎಣ್ಣೆ ಹಚ್ಚಿ ಮೆಲ್ಲಗೆ ತಿಕ್ಕಿಸಿಕೊಂಡರೆ ನೋವು ಸ್ವಲ್ಪ ತಗ್ಗುತ್ತದೆ. ಆದರೆ ನೋವು ತಗ್ಗಿದೆ ಎಂದರೆ ಬಲ ಮರಳಿದೆ ಎಂದಲ್ಲ, ನೋವಿನ ಗುಳಿಗೆ ನುಂಗಿ ಓಡಿದರೂ ಅಷ್ಟೇ. ಗೋಡೆಯ ಪಕ್ಕ ನಿಂತು ಒಂಟಿ ಕಾಲಲ್ಲಿ ಕಣ್ಣು ಮುಚ್ಚಿ ನೋಡಿ. ಎಂದಿಗಿಂತ ಬೇಗ ತೂಗಾಡಿದರೆ ಇವತ್ತು ಜೋರು ಬೇಡ ಎಂದು ಕಾಲು ತಾನೇ ಹೇಳಿದಂತೆ.

ಒಂದು ಎಚ್ಚರಿಕೆಯ ಮಾತು. ವಿಪರೀತ ಬೈಠಕ್ ಹೊಡೆದ ಮೇಲೆ, ಅದರಲ್ಲೂ ಬಿಸಿಲಿನಲ್ಲಿ, ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದರೆ, ತೊಡೆ ವಿಪರೀತ ಊದಿದರೆ, ಅದು ಮಾಮೂಲಿ ಮೈನೋವಲ್ಲ. ಹರಿದ ಸ್ನಾಯುವಿನ ಅಂಶ ಮೂತ್ರಪಿಂಡಕ್ಕೆ ಹೋಗಿದೆ ಎಂದರ್ಥ. ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ನಿಮ್ಮೂರಲ್ಲಿ ಗರಡಿ ಮನೆ ಇನ್ನೂ ನಿಂತಿದ್ದರೆ ಒಮ್ಮೆ ಬಾಗಿಲು ತೆಗೆಸಿ ನೋಡಿ. ಹನುಮಪ್ಪನ ಚಿತ್ರದ ಕೆಳಗೆ ಧೂಳು ಹಿಡಿದ ಕಲ್ಲು ಗುಂಡು, ಕಟ್ಟಿಗೆಯ ಜೋಡಿ ಇರಬಹುದು. ಪಕ್ಕದ ಕಟ್ಟೆಯ ಮೇಲೆ, ಕಿವಿ ಮುರಿದ ಹಳೆಯ ಪೈಲ್ವಾನರೊಬ್ಬರು ಕೂತಿರಬಹುದು. ಮೊದಲ ದಿನ ಎಷ್ಟು ಬೈಠಕ್ ಮಾಡಿಸುತ್ತಿದ್ದಿರಿ ಎಂದು ಅವರನ್ನು ಕೇಳಿ. ಅವರು ಹೇಳುವ ಸಂಖ್ಯೆ ನಿಮಗೆ ಸಣ್ಣದೆನಿಸುತ್ತದೆ. ಬೆಳಗಿನ ರಸ್ತೆಯಲ್ಲಿ ಓಡುವ ಹುಡುಗರಿಗೆ ಆ ಸಣ್ಣ ಸಂಖ್ಯೆಯನ್ನು ಮುಟ್ಟಿಸಿ.